ಕಪ್ಪತಗುಡ್ಡಕ್ಕೆ ಬೆಂಕಿ ಹಚ್ಚಿದ್ದು ಕುರಿಗಾಹಿ ಅಲ್ಲ

ಸಂಪಾದಕರಿಗೆ,

ಮಂಗಳವಾರದ ಸಂಚಿಕೆಯಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡದ ಬೆಂಕಿಯ ಸುದ್ದಿ ಓದಿ ಮೈ ಉರಿಯಿತು. 'ಕುರಿಗಾಹಿಗಳು ಹಚ್ಚಿರುವ ಶಂಕೆ' ಎಂದು ಬರೆದಿದ್ದೀರಿ. ಯಾರ ಶಂಕೆ ಇದು? ಭಾನುವಾರ ಮಧ್ಯಾಹ್ನ ನಾವು ಐದು ಜನ ಅಲ್ಲೇ ಇದ್ದೆವು. ಯಾರು ಹಚ್ಚಿದರು, ಯಾರು ಆರಿಸಿದರು, ಎರಡನ್ನೂ ಕಣ್ಣಾರೆ ನೋಡಿದ್ದೇವೆ. ನನ್ನ ಸೀರೆ ಎರಡು ಸಲ ಒಗೆದರೂ ಹೊಗೆ ವಾಸನೆ ಹೋಗಿಲ್ಲ.

ಶನಿವಾರ ಹುಬ್ಬಳ್ಳಿ ಬಿಟ್ಟಿದ್ದೆವು. ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ವರ್ಷಕ್ಕೆ ಒಂದೋ ಎರಡೋ ಸಲ ಹೀಗೆ ಹೊರಗೆ ಹೋಗುವುದು. ಬಿಂಕದಕಟ್ಟಿ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿ, ರಾತ್ರಿ ಗದಗದ ತಂಗಿ ಮನೆಯಲ್ಲಿ ಮಲಗಿ, ಬೆಳಗ್ಗೆ ಡಂಬಳಕ್ಕೆ ಹೋದೆವು. ದೊಡ್ಡಬಸಪ್ಪನ ಗುಡಿಯ ಸುತ್ತ ಮಗಳು ಮೂಲೆ ಎಣಿಸುತ್ತಾ ಮೂರು ಸುತ್ತು ಓಡಿದಳು. ನಕ್ಷತ್ರದ ಹಾಗೆ 24 ಮೂಲೆ ಇವೆ ಎಂದು ಹೇಳಿದ್ದಕ್ಕೆ ನಂಬಲಿಲ್ಲ. ಆಮೇಲೆ ಡೋಣಿ ಕಡೆಯಿಂದ ಗುಡ್ಡ ಹತ್ತಿದೆವು. ಅತ್ತೆಯ ತವರು ಮುಂಡರಗಿ ಕಡೆ. 'ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು' ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಅಮೃತಬಳ್ಳಿ ತೋರಿಸಿದರು, ಮಧುನಾಶಿನಿ ಹುಡುಕಿದರು. ಮೊಮ್ಮಕ್ಕಳಿಗೆ ಬಾದೆ ಹುಲ್ಲಿನ ಒಂದು ಎಸಳು ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸಲು ಕೊಟ್ಟರು. ನಿಂಬೆಹಣ್ಣಿನಂಥ ವಾಸನೆ. ಆ ಹುಲ್ಲಿನಲ್ಲಿ ಎಣ್ಣೆ ಇರುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತರೆ ಒಂದು ಕಿಡಿ ಸಾಕು. ಗುಡ್ಡದ ಸುತ್ತ ಇರುವ ಹಳ್ಳಿಗಳ ಸಣ್ಣ ಮಕ್ಕಳಿಗೂ ಇದು ಗೊತ್ತು.

ಅಲ್ಲಿಗೆ ಎರಡು ಕಾರಿನಲ್ಲಿ ಆರು ಹುಡುಗರು ಬಂದಿದ್ದರು. ಮೂರು ಕಲ್ಲು ಇಟ್ಟು ಕೋಳಿ ಬೇಯಿಸುತ್ತಿದ್ದರು. ಸುತ್ತಲೂ ಸೊಂಟದೆತ್ತರ ಒಣ ಹುಲ್ಲು. ನಾವು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಯಜಮಾನರು ಎದ್ದು ಹೋಗಿ ಒಲೆ ಆರಿಸಿ ಎಂದು ಕೇಳಿಕೊಂಡರು. 'ಏನಾಗಂಗಿಲ್ರಿ ಅಣ್ಣಾರ, ಸಣ್ಣ ಒಲಿ ಐತಿ' ಎಂದು ಒಬ್ಬ ಹೇಳಿದ. ಉಳಿದವರು ತಲೆ ಎತ್ತಿಯೂ ನೋಡಲಿಲ್ಲ. ಹತ್ತು ನಿಮಿಷ ಆಗಿರಬಹುದು. ಗಾಳಿ ಬೀಸಿತು. ಗಾಳಿ ಜಾಸ್ತಿ ಅಂತಲೇ ಆ ಗುಡ್ಡದ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳ ಸಾಲು ನಿಲ್ಲಿಸಿದ್ದಾರೆ ಅಲ್ವಾ? ಚಟಚಟ ಸದ್ದು ಕೇಳಿ ತಿರುಗಿ ನೋಡುವಷ್ಟರಲ್ಲಿ ಹುಲ್ಲು ಹತ್ತಿತ್ತು. ಆ ಆರು ಜನ ಪಾತ್ರೆ ಅಲ್ಲೇ ಬಿಟ್ಟು ಕಾರು ಹತ್ತಿ ಹೋದರು. ಗಾಬರಿಯಲ್ಲಿ ನಂಬರ್ ಬರೆದುಕೊಳ್ಳಲಿಲ್ಲ. ಆ ಸಂಕಟ ಇನ್ನೂ ಇದೆ.

ಮಕ್ಕಳನ್ನೂ ಅತ್ತೆಯನ್ನೂ ಕಲ್ಲುಬಂಡೆಯ ಮೇಲೆ ಕೂರಿಸಿ ನಾವಿಬ್ಬರೂ ಹಸಿ ಟೊಂಗೆ ಮುರಿದು ಬಡಿಯಲು ಶುರು ಮಾಡಿದೆವು. ಕುಡಿಯುವ ನೀರಿನ ಕ್ಯಾನ್ ಅಷ್ಟನ್ನೂ ಸುರಿದೆವು. ಅದು ಯಾವ ಮೂಲೆಗೂ ಸಾಲಲಿಲ್ಲ. ಆಗ ಕೆಳಗಿನಿಂದ ಒಬ್ಬ ಕುರಿ ಕಾಯುವ ಹಿರಿಯರು ಓಡಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಕಾಲಲ್ಲಿ ಟೈರಿನ ಚಪ್ಪಲಿ, ಹೆಗಲ ಮೇಲೆ ಕರಿ ಕಂಬಳಿ. 'ಗಾಳಿಗೆ ಎದುರ ನಿಂದರಬ್ಯಾಡ ಯವ್ವಾ, ಬಾಜೂಕ ಬಾ' ಎಂದು ನನ್ನನ್ನು ಪಕ್ಕಕ್ಕೆ ಎಳೆದರು. ತಮ್ಮ ನೀರಿನ ಬಾಟಲಿಯನ್ನು ಕಂಬಳಿಯ ಮೇಲೆ ಸುರಿದುಕೊಂಡು ಬೆಂಕಿಯ ಅಂಚನ್ನು ಹೊಡೆಯುತ್ತಾ ಹೋದರು. ನಡುವೆ ಹೊಡೆಯಲಿಲ್ಲ, ಬರೀ ಅಂಚು. ಮುಂದೆ ಹುಲ್ಲಿಲ್ಲದ ಕಲ್ಲಿನ ಜಾಗ ನೋಡಿ, ಬೆಂಕಿ ಆ ಕಡೆಗೇ ಹೋಗುವ ಹಾಗೆ ಮಾಡಿದರು. ಮುಕ್ಕಾಲು ತಾಸು ಬೇಕಾಯಿತು. ಕೊನೆಗೆ ಕಂಬಳಿ ಬಿಚ್ಚಿ ನೋಡಿದರೆ ನಾಲ್ಕು ಕಡೆ ಅಂಗೈಯಷ್ಟು ತೂತು. ಉಣ್ಣೆ ಸುಟ್ಟ ವಾಸನೆ. 'ಹೋಗ್ಲಿ ಬಿಡ್ರಿ' ಎಂದು ಮಡಚಿ ಹೆಗಲಿಗೆ ಹಾಕಿಕೊಂಡರು. ಕುರಿಗಳು ಅಷ್ಟರಲ್ಲಿ ಚದುರಿ ಹೋಗಿದ್ದವು. ಅವರು ಹುಡುಕುತ್ತಾ ಹೋದರು. ನಾವು ನೆಟ್ಟಗೆ ಕೈ ಮುಗಿಯಲೂ ಆಗಲಿಲ್ಲ.

ಈಗ ಹೇಳಿ, ಶಂಕೆ ಯಾರ ಮೇಲೆ ಪಡಬೇಕು? ಹೊಸ ಹುಲ್ಲು ಬರಲಿ ಎಂದು ಹಳೆ ಹುಲ್ಲಿಗೆ ಬೆಂಕಿ ಇಡುವವರು ಎಲ್ಲೋ ಇರಬಹುದು. ಇಲ್ಲ ಎನ್ನುವುದಿಲ್ಲ. ಹಾಗಂತ ಪ್ರತಿ ಬೆಂಕಿಗೂ ಕುರಿಗಾಹಿಯ ಹೆಸರು ಬರೆದು ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಅವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ ಎಂಬ ಧೈರ್ಯ ತಾನೆ?

ಫೋನಿನ ಕಥೆ ಬೇರೆಯೇ ಇದೆ. ಮೇಲೆ ಸಿಗ್ನಲ್ ಇಲ್ಲ. ಬೆಂಕಿ ಸ್ವಲ್ಪ ತಗ್ಗಿದ ಮೇಲೆ ಅಧಿಕಾರಿಗಳಿಗೆ ತಿಳಿಸಲು ಯಜಮಾನರು ಕಾರು ತೆಗೆದುಕೊಂಡು ಕೆಳಗೆ ಹೋದರು. ಒಂದು ಕಡೆ ಫೋನ್ ಎತ್ತಲೇ ಇಲ್ಲ. ಇನ್ನೊಂದು ಕಡೆ 'ಅದು ನಮ್ಮ ಭಾಗಕ್ಕೆ ಬರುವುದಿಲ್ಲ' ಎಂಬ ಉತ್ತರ. ಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹರಡಿದೆ, ಒಪ್ಪಿಕೊಳ್ಳೋಣ. ಬೆಂಕಿಗೆ ತಾಲ್ಲೂಕಿನ ಗಡಿ ಗೊತ್ತಾ? ವಾಪಸ್ ಬರುವಾಗ ಯಾರೋ ಕುಡಿದು ಒಡೆದ ಬಾಟಲಿ ಚುಚ್ಚಿ ಟೈರು ಪಂಕ್ಚರ್. ಅತ್ತೆಗೆ ಮೊಣಕಾಲು ನೋವು, ಆ ಬಿಸಿಲಲ್ಲಿ ಎರಡು ತಾಸು ಕಾದರು. ಮಗನಿಗೆ ಹೊಗೆಯಿಂದ ಕೆಮ್ಮು ಹತ್ತಿ ರಾತ್ರಿಯಿಡೀ ನಿದ್ದೆ ಇಲ್ಲ. ಸೋಮವಾರ ಅವನ ಶಾಲೆಯೂ ಇಲ್ಲ, ನನ್ನ ಶಾಲೆಯೂ ಇಲ್ಲ.

ಈ ಗುಡ್ಡ ಸುಮ್ನೆ ಉಳಿದದ್ದಲ್ಲ. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಮೂರು ದಿನ ಹೋರಾಟ ಮಾಡಿದರು. ಅಲ್ಲಿ ಒಂದು ದಿನ ನಾನೂ ಕೂತಿದ್ದೆ. ಚಿನ್ನ, ಅದಿರು ಎಂದು ಗುಡ್ಡದ ಮೇಲೆ ಕಣ್ಣು ಹಾಕಿದವರಿಂದ ಉಳಿಸಿಕೊಂಡಿದ್ದು ಹಾಗೆ. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಧಾಮದಲ್ಲಿ ಅಪಾಯ ಆಗುವ ಹಾಗೆ ಬೆಂಕಿ ಹಚ್ಚಬಾರದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಕಾಯ್ದೆ ಇದೆ, ಓದಿ ಹೇಳುವವರು ಎಲ್ಲಿದ್ದಾರೆ? ಅಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ಚಿರತೆ ಇದೆ. ಅವು ಓಡಿ ಹೋದಾವು. ನೆಲದ ಮೇಲೆ ಮೊಟ್ಟೆ ಇಡುವ ನವಿಲು, ಗೌಜುಗ ಏನು ಮಾಡಬೇಕು?

ಹುಬ್ಬಳ್ಳಿಯಲ್ಲೂ ಇದೇ ಪಾಡು. ನಮ್ಮ ಓಣಿಯ ಮೂಲೆಯಲ್ಲಿ ಬೆಳಗ್ಗೆ ಎದ್ದರೆ ಕಸಕ್ಕೆ ಬೆಂಕಿ. ಪ್ಲಾಸ್ಟಿಕ್ ಹೊಗೆ ನೇರ ಅಡುಗೆಮನೆಗೆ ಬರುತ್ತದೆ. ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಮೊದಲ ಅರ್ಜಿ ಕಳೆದುಹೋಗಿದೆ ಎಂದರು. ಎರಡನೆಯದಕ್ಕೆ ಸಾಹೇಬರು ಮೀಟಿಂಗಿನಲ್ಲಿ. ಮೂರನೆಯದನ್ನು ತೆಗೆದುಕೊಂಡವರು ವರ್ಗವಾಗಿ ಹೋದರು. ನಲ್ಲಿಗೆ ನೀರು ಯಾವಾಗ ಎಂದು ಕೇಳಿದರೂ ಹೀಗೇ. ಕೇಳುವವರೇ ತಪ್ಪಿತಸ್ಥರು ಎಂಬ ಹಾಗೆ ನೋಡುತ್ತಾರೆ. ಇಂಥವರಿಂದಲೇ ಕಾಡು ಕಾಯಿಸಬೇಕು!

ಬೇಸಿಗೆ ಮುಗಿಯುವವರೆಗೆ ಗುಡ್ಡಕ್ಕೆ ಯಾರನ್ನೂ ಬಿಡಬೇಡಿ. ನಮ್ಮಂಥವರನ್ನೂ ಬಿಡಬೇಡಿ, ಬೇಜಾರಿಲ್ಲ. ಅದು ಆಗದಿದ್ದರೆ ಶನಿವಾರ, ಭಾನುವಾರ ದಾರಿಯಲ್ಲಿ ನಾಲ್ಕು ಜನ ನಿಲ್ಲಿಸಿ, ಬೆಂಕಿಪೆಟ್ಟಿಗೆ, ಬಾಟಲಿ ಕಸಿದುಕೊಳ್ಳಿ. ಏನಾದರೂ ಒಂದು ಮಾಡಿ. ನೀವೂ ಆ ಸುದ್ದಿಯನ್ನು ತಿದ್ದಿ ಪ್ರಕಟಿಸಿ. ಆ ಹಿರಿಯರಿಗೆ ಒಂದು ಕಂಬಳಿ ಕೊಡಿಸುವ ಮನಸ್ಸು ಯಾರಿಗೂ ಬರದಿದ್ದರೆ ನಾವೇ ಮತ್ತೆ ಹೋಗಿ ಹುಡುಕಿ ಕೊಡುತ್ತೇವೆ. ಶಂಕೆ ಪಡುವ ಸಾಹೇಬರು ಕುರ್ಚಿ ಬಿಟ್ಟು ಒಂದು ಭಾನುವಾರ ಮಧ್ಯಾಹ್ನ ಡೋಣಿ ಕಡೆಯಿಂದ ಗುಡ್ಡ ಹತ್ತಲಿ. ಆ ಮೂರು ಕಲ್ಲು, ಮಸಿ ಹಿಡಿದ ಪಾತ್ರೆ ಇನ್ನೂ ಅಲ್ಲೇ ಬಿದ್ದಿರುತ್ತವೆ.

– ಪ್ರಾಥಮಿಕ ಶಾಲಾ ಶಿಕ್ಷಕಿ, ಹುಬ್ಬಳ್ಳಿ