ಉದ್ಯಾನ ಯಾರ ಮಕ್ಕಳಿಗೆ?

ಮಾನ್ಯರೇ,

ನಮ್ಮ ಬಡಾವಣೆಯ ಉದ್ಯಾನದಿಂದ ಆಟಿಸಂ (ಸ್ವಲೀನತೆ) ಇರುವ ಬಾಲಕನನ್ನು ಹೊರಗೆ ಕಳುಹಿಸಿದ ಘಟನೆಯನ್ನು ನಿಮ್ಮ ಪತ್ರಿಕೆಯ ಮಂಗಳವಾರದ ನಗರ ಪುಟದಲ್ಲಿ ‘ಸಣ್ಣ ವಾಗ್ವಾದ’ ಎಂದು ಬರೆಯಲಾಗಿದೆ. ಆ ಬಾಲಕ ನನ್ನ ಮೊಮ್ಮಗ. ವಾಗ್ವಾದಕ್ಕೆ ನಾನು ಬಾಯಿಯೇ ತೆರೆದಿರಲಿಲ್ಲ.

ಅವನು ಎಂದಿನಂತೆ ಉದುರಿದ ಹೊಂಗೆ ಹೂಗಳನ್ನು ಕಲ್ಲುಬೆಂಚಿನ ಮೇಲೆ ಸಾಲಾಗಿ ಜೋಡಿಸುತ್ತ, ಖುಷಿಯಾದಾಗಲೆಲ್ಲ ಎರಡೂ ಕೈಗಳನ್ನು ಪಟಪಟನೆ ಆಡಿಸುತ್ತ ಕುಳಿತಿದ್ದ. ಪಕ್ಕದ ಬೀದಿಯ ಐದು ವರ್ಷದ ಹುಡುಗಿಯೊಬ್ಬಳು ಹತ್ತು ದಿನಗಳಿಂದ ಅವನಿಗೆ ಹೂ ಆಯ್ದು ತಂದುಕೊಡುತ್ತಿದ್ದಳು. ಅಂದು ಆಕೆಯ ತಾಯಿ ‘ಅವನ ಹತ್ತಿರ ಹೋಗಬೇಡ, ಹೊಡೆದುಬಿಡ್ತಾನೆ’ ಎಂದು ತೋಳು ಹಿಡಿದು ಎಳೆದೊಯ್ದರು. ಇವನು ಕಿರುಚಿದ, ಕಾವಲುಗಾರ ಬಂದು ನಮ್ಮನ್ನು ಗೇಟಿನಾಚೆ ಕಳುಹಿಸಿದ. ಮರುದಿನ ರಸ್ತೆಯಲ್ಲಿ ಇವನನ್ನು ಕಂಡು ಆ ಮಗು ತಾಯಿಯ ಬೆನ್ನ ಹಿಂದೆ ಅಡಗಿತು. ಮೂರು ದಿನಗಳಿಂದ ಇವನು ಸಂಜೆ ಐದಕ್ಕೆ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಾನೆ, ಏನು ಹೇಳಲಿ?

ಆ ತಾಯಿಗೂ ಇಂಥ ತಪ್ಪು ಮಾತನ್ನು ಯಾರೋ ಹೇಳಿಕೊಟ್ಟಿದ್ದಾರೆ, ನನಗೂ ಹೇಳಿಕೊಟ್ಟಿದ್ದರು. ಆರು ವರ್ಷಗಳ ಹಿಂದೆ ನಿಮ್ಹಾನ್ಸ್‌ನಲ್ಲಿ ಸ್ವಲೀನತೆ ಎಂದಾಗ, ನೆಂಟರಿಷ್ಟರ ಮಾತು ಕೇಳಿ, ಕೆಲಸಕ್ಕೆ ಹೋಗುವ ಸೊಸೆ ಮಗುವನ್ನು ಮಾತನಾಡಿಸದ್ದರಿಂದಲೇ ಹೀಗಾಯಿತೆಂದು ದೂಷಿಸಿದ್ದೆ. 1950–60ರ ದಶಕಗಳಲ್ಲಿ ಪಾಶ್ಚಾತ್ಯ ತಜ್ಞರು ಕೂಡ ತಾಯಂದಿರನ್ನೇ ದೂರಿದ್ದರೆಂಬುದೂ, ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಕಳೆದಿವೆಯೆಂಬುದೂ, ಇದು ಮಿದುಳಿನ ಬೆಳವಣಿಗೆಗೇ ಸೇರಿದ ಭಿನ್ನತೆಯೆಂಬುದೂ ತಿಳಿದದ್ದು ಅನಂತರ. ಸೊಸೆಯ ಕ್ಷಮೆ ಕೇಳಲು ನನಗೆ ಎರಡು ವರ್ಷ ಹಿಡಿಯಿತು.

ಅಧಿಕಾರಿಗಳಿಗಾದರೂ ತಿಳಿವಳಿಕೆ ಬೇಡವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಆದರೂ ಗುರುತಿನ ಚೀಟಿಗಾಗಿ ಎರಡೆರಡು ಬಸ್ ಬದಲಿಸಿ, ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಹಿಡಿದು ನಾಲ್ಕನೇ ಬಾರಿ ಸಾಲಿನಲ್ಲಿ ನಿಂತಾಗಲೂ, ಕಿಟಕಿಯೊಳಗಿನ ನೌಕರರು ಕೇಳಿದ್ದು ‘ನೋಡೋಕೆ ಚೆನ್ನಾಗೇ ಇದ್ದಾನಲ್ಲ, ಏನಾಗಿದೆ ಇವನಿಗೆ?’ ಎಂದೇ. ಅಂಗವಿಕಲರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದರೆ ಕನಿಷ್ಠ 6 ತಿಂಗಳ ಜೈಲೆಂದು ಅದೇ ಕಾಯ್ದೆಯ 92ನೇ ಸೆಕ್ಷನ್ ಹೇಳುತ್ತದೆ. ಅದನ್ನು ಓದಿದವರು ಆ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರೆಯೇ? ವಿಶ್ವ ಆಟಿಸಂ ಜಾಗೃತಿ ದಿನವೆಂದು ಪ್ರತಿ ಏಪ್ರಿಲ್ 2ರಂದು ಭಾಷಣ ಮಾಡುವವರು ಒಬ್ಬ ಕಾವಲುಗಾರನಿಗಾದರೂ ಒಂದು ಗಂಟೆ ಕೂರಿಸಿ ತಿಳಿಹೇಳಿದ್ದಾರೆಯೇ?

ಪಾಲಿಕೆಯು ಉದ್ಯಾನಗಳ ಕಾವಲುಗಾರರಿಗೂ ಕಚೇರಿ ಸಿಬ್ಬಂದಿಗೂ ಕೂಡಲೇ ತರಬೇತಿ ಕೊಡಬೇಕು. ಅದಾಗದಿದ್ದರೆ ಸಂಬಂಧಪಟ್ಟವರು ಒಂದು ಸಂಜೆ ಬಂದು ಆ ಕಲ್ಲುಬೆಂಚಿನ ಮೇಲೆ ನನ್ನ ಮೊಮ್ಮಗನ ಪಕ್ಕ ಕುಳಿತು, ಅವನಿಂದ ಯಾರಿಗೆ ಏನು ತೊಂದರೆಯಾಗುತ್ತಿದೆಯೆಂದು ನನ್ನೆದುರೇ ಹೇಳಲಿ.

– ನೊಂದ ಅಜ್ಜ, ಜಯನಗರ, ಬೆಂಗಳೂರು