ತಲೆ ಸುತ್ತುತ್ತೆ ಅಂತ ಮೊದಲೇ ಹೇಳಿಬಿಡು

ಪುಟ್ಟಿ,

ಈ ಸಲದ ರಕ್ತ ಪರೀಕ್ಷೆಗೆ "ನೀನು ಬರೋದು ಬೇಡ ಅಪ್ಪ, ನಾನೇ ಹೋಗ್ತೀನಿ" ಅಂದೆಯಲ್ಲ, ಫೋನ್ ಇಟ್ಟ ಮೇಲೆ ನಿನ್ನಮ್ಮನಿಗೆ ಮೊದಲು ಗಾಬರಿ, ಆಮೇಲೆ ಖುಷಿ. ನನಗೆ ಎರಡೂ ಒಟ್ಟಿಗೇ ಆಯಿತು. ಮೂಡಿಗೆರೆಯಿಂದ ಹಾಸನ ಏನೂ ದೂರವಲ್ಲ. ಬೆಳಿಗ್ಗೆ ಬೇಲೂರು ಮೇಲಿನ ಬಸ್ಸು ಹತ್ತಿದರೆ ನಿನ್ನ ಹಾಸ್ಟೆಲಿನ ತಿಂಡಿ ಮುಗಿಯುವ ಹೊತ್ತಿಗೆ ಅಲ್ಲಿರುತ್ತೇನೆ. ಆದರೂ ಬರುವುದಿಲ್ಲ. ಅದರ ಬದಲು ಈ ಪತ್ರ. ಫೋನಿನಲ್ಲಿ ಹೇಳಿದರೆ "ಹ್ಞೂಂ, ಹ್ಞೂಂ" ಅಂತ ಅರ್ಧಕ್ಕೇ ಇಟ್ಟುಬಿಡುತ್ತೀಯ.

ನಾನು ಹೇಳುವುದು ಮುಖ್ಯವಾಗಿ ಒಂದೇ. ಲ್ಯಾಬಿನ ಕುರ್ಚಿಯಲ್ಲಿ ಕೂರುವ ಮೊದಲೇ "ಸೂಜಿ ಚುಚ್ಚಿದರೆ ನನಗೆ ತಲೆ ಸುತ್ತಿ ಬೀಳೋ ಹಾಗಾಗುತ್ತೆ, ಮಲಗಿಸಿ ರಕ್ತ ತೆಗೀರಿ" ಅಂತ ಹೇಳಿಬಿಡು. ಬಿಲ್ ಮಾಡುವವರ ಹತ್ತಿರವೇ ಹೇಳು. ರಬ್ಬರ್ ಪಟ್ಟಿ ಕಟ್ಟಿ ಸ್ಪಿರಿಟ್ ಹಚ್ಚಿದ ಮೇಲೆ ನಿನಗೆ ಮಾತೇ ಹೊರಡುವುದಿಲ್ಲ. ಮೊದಲು ತುಟಿ ಬಿಳಿಚಿಕೊಳ್ಳುತ್ತದೆ. ಮೂಗಿನ ಕೆಳಗೆ ಸಣ್ಣಗೆ ಬೆವರು. ಆಮೇಲೆ ಆಕಳಿಕೆ ಶುರು. ಆಕಳಿಕೆ ನೋಡಿದವರು ರಾತ್ರಿ ಓದಿ ನಿದ್ದೆಗೆಟ್ಟಿದ್ದಾಳೆ ಅಂದುಕೊಳ್ಳುತ್ತಾರೆ. ಇನ್ನೊಂದು ಗಳಿಗೆಯಲ್ಲಿ ಬೀಳುತ್ತಾಳೆ ಅಂತ ಗೊತ್ತಾಗುತ್ತಿದ್ದುದು ಪಕ್ಕದಲ್ಲಿ ನಿಂತ ನನಗೆ ಮಾತ್ರ. ಇನ್ನು ಮೇಲೆ ಆ ಗುರುತು ನೀನೇ ಹಿಡಿಯಬೇಕು. ಆಕಳಿಕೆ ಬಂತು ಅಂದರೆ ತಡಮಾಡದೆ ಮಲಗು. ಮಲಗಿದ್ದರೆ ಬೀಳುವುದಕ್ಕೆ ಜಾಗವೇ ಇರಲ್ಲ, ಅಲ್ವಾ?

"ಇಷ್ಟು ದೊಡ್ಡ ಹುಡುಗಿ, ಸೂಜಿಗೆ ಹೆದರ್ತೀಯಾ?" ಅಂತ ಒಂದು ಲ್ಯಾಬಿನಲ್ಲಿ ಕೇಳಿದ್ದರು. ಅದನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಹಾಗೆ ಕೇಳುವವರು ಹಾಸನದಲ್ಲೂ ಸಿಗಬಹುದು. ಕೇಳಲಿ. ತೋಟದಲ್ಲಿ ಮಳೆಗಾಲಕ್ಕೆ ಬೆರಳ ಸಂದಿಗೆ ಇಂಬಳ ಹತ್ತಿ, ರಕ್ತ ಕುಡಿದು ದಪ್ಪಗಾದರೂ ನೀನು ಕೂಗಿದವಳಲ್ಲ. ಸುಣ್ಣ ಮುಟ್ಟಿಸಿ ಉದುರಿಸಿ ಮುಂದೆ ಹೋಗುತ್ತಿದ್ದೆ. ಬೆಂಗಳೂರಿಂದ ಬಂದ ನಿನ್ನ ಅತ್ತೆ ಮಕ್ಕಳು ಜಗಲಿ ಇಳಿಯುತ್ತಿರಲಿಲ್ಲ. ಇನ್ನು ನಿನ್ನ ದೊಡ್ಡಪ್ಪ. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ತುದಿಯವರೆಗೂ ಹೋಗಿ ಮೆಣಸು ಕೊಯ್ಯುವ ಆಸಾಮಿ. ಕೋವಿಡ್ ಲಸಿಕೆ ದಿನ ಶಾಲೆಯ ಬೆಂಚಿನಿಂದ ಜಾರಿ ನೆಲಕ್ಕೆ ಬಂದಿದ್ದರು. ಈ ತೊಂದರೆ ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಅಜ್ಜಿ ಮಾತ್ರ ದೃಷ್ಟಿ ತಾಗಿದೆ ಅಂತ ಅವರಿಗೆ ಒಣಮೆಣಸಿನಕಾಯಿ ನಿವಾಳಿಸಿದರು. ಮನೆಯವರೆಲ್ಲ ಕೆಮ್ಮಿದ್ದೇ ಬಂತು.

ಹಾವು ಕಂಡರೆ, ಎತ್ತರಕ್ಕೆ ಹೋದರೆ ಎದೆ ಡವಡವ ಅನ್ನುತ್ತದೆ, ಬಿಪಿ ಏರುತ್ತದೆ. ಆದರೆ ಆ ಭಯಕ್ಕೆ ಜನ ಎಚ್ಚರ ತಪ್ಪುವುದು ಕಡಿಮೆ. ಸೂಜಿ, ರಕ್ತದ ಭಯದ ರೀತಿಯೇ ಬೇರೆ. ಮೊದಲು ಬಿಪಿಯೂ ನಾಡಿಯೂ ಏರುತ್ತವೆ, ಆಮೇಲೆ ಇದ್ದಕ್ಕಿದ್ದ ಹಾಗೆ ಇಳಿದುಬಿಡುತ್ತವೆ. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಮೈಯ ಈ ಆಟವನ್ನು ಮನಸ್ಸು ಗಟ್ಟಿ ಮಾಡಿಕೊಂಡು ನಿಲ್ಲಿಸೋಕಾಗಲ್ಲ. ಹಾಗಾಗಿ "ಧೈರ್ಯ ತಗೋ" ಅನ್ನುವ ಮಾತು ಈ ಪತ್ರದಲ್ಲಿ ಬರುವುದಿಲ್ಲ.

"ಮೈ ಸಡಿಲ ಬಿಡು, ಆರಾಮಾಗಿರು" ಅಂತ ನರ್ಸ್ ಹೇಳಿದರೆ ನಕ್ಕು ಸುಮ್ನಿರು. ಬೀಳದೆ ಬರೀ ಗಾಬರಿಯಾಗುವವರಿಗೆ ಅದು ಸರಿ. ಬೀಳುವವರಿಗೆ ಬೇಕಾದ್ದು ಅದರ ಉಲ್ಟಾ. ಮೈ ಬಿಗಿ ಮಾಡಿ ಬಿಪಿ ಇಳಿಯದ ಹಾಗೆ ಹಿಡಿಯಬೇಕು. ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಇದನ್ನು ಒಂದು ಅಭ್ಯಾಸವಾಗಿ ರೂಪಿಸಿದರು. ಜಗಲಿ ಮೇಲೆ ನಾನು ಗಡಿಯಾರ ನೋಡುತ್ತಾ ನಿನ್ನ ಕೈಲಿ ಮಾಡಿಸುತ್ತಿದ್ದೆನಲ್ಲ, ಅದೇ. ತೊಡೆ, ಹೊಟ್ಟೆ, ಕಾಲು ಎಲ್ಲ 10-15 ಸೆಕೆಂಡು ಬಿಗಿ ಹಿಡಿಯುವುದು. ಮುಖ ಬೆಚ್ಚಗಾಯಿತು ಅನ್ನಿಸಿದಾಗ ಬಿಡುವುದು. ಪೂರ್ತಿ ಸಡಿಲ ಮಾಡದೆ 20-30 ಸೆಕೆಂಡು ಇದ್ದು ಮತ್ತೆ ಬಿಗಿ. ಹೀಗೆ ಐದು ಸಲ. ನಿನಗೆ ಇದರಲ್ಲಿ ಒಂದು ತಿದ್ದುಪಡಿ ಇದೆ. ಮುಷ್ಟಿ ಬಿಗಿಯಬೇಡ, ಬೆರಳ ಕೀಲು ನೋಯುತ್ತದೆ. ಕಾಲ ಮೇಲೆ ಕಾಲು ಹಾಕಿ ತೊಡೆ ಒತ್ತಿ ಹಿಡಿದರೆ ಸಾಕು. ರಕ್ತ ಕೊಡುವ ಕೈ ಮಾತ್ರ ಸಡಿಲವಾಗಿ ದಿಂಬಿನ ಮೇಲಿರಲಿ. ಪರೀಕ್ಷೆಗೆ ಇನ್ನೂ ವಾರ ಇದೆ. ದಿನಾ ಮಾಡು. ರೂಮ್‌ಮೇಟ್ ನಕ್ಕರೆ ಅವಳಿಗೂ ಕಲಿಸು.

ಕಳೆದ ಸಲ "ಇಂಟರ್ನಲ್ಸ್ ಇದೆ" ಅಂತ ರಕ್ತ ಪರೀಕ್ಷೆ ಮುಂದಕ್ಕೆ ಹಾಕಿದೆಯಲ್ಲ, ಇಂಟರ್ನಲ್ಸ್ ಯಾವಾಗ ಇತ್ತು ಅಂತ ನನಗೂ ಗೊತ್ತು. ಬೈಯುತ್ತಿಲ್ಲ. ತಪ್ಪಿಸಿಕೊಂಡ ದಿನ ಎದೆ ಎಷ್ಟು ಹಗುರವಾಗುತ್ತದೆ ಅಂತ ಊಹಿಸಬಲ್ಲೆ. ಆದರೆ ಆ ಹಗುರದ ರುಚಿ ಹತ್ತಿದರೆ ಮುಂದಿನ ಸಲಕ್ಕೆ ಸೂಜಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ನೀನು ಕೀಲುನೋವಿಗೆ ಅಂತ ವಾರಕ್ಕೊಂದು ದಿನ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಒಳ್ಳೆಯ ಔಷಧಿ. ಬೆಳಿಗ್ಗೆ ಬೆರಳು ಮಡಚಲಾಗದೆ ಜಡೆಗೆ ಅಮ್ಮನ ಮುಂದೆ ಕೂರುತ್ತಿದ್ದವಳು ಈಗ ಲ್ಯಾಬ್ ರೆಕಾರ್ಡು ಬರೆಯುತ್ತಿದ್ದೀಯ. ಆದರೆ ಅದು ಲಿವರ್ ಮೇಲೆ, ರಕ್ತ ಹುಟ್ಟುವ ಮೂಳೆ ಮಜ್ಜೆ ಮೇಲೆ ತೊಂದರೆ ಮಾಡಬಹುದು. ಶುರುವಿನಲ್ಲಿ ಮೈಗೆ ಏನೂ ಗೊತ್ತಾಗದೇ ಇರಬಹುದು. ಆಗ ಅದನ್ನು ಹೇಳುವುದು ರಿಪೋರ್ಟು. ಹೋಗಲಾಗಲಿಲ್ಲ ಅಂದರೆ ಡಾಕ್ಟರಿಗೆ ಹಾಗೇ ಹೇಳು, ಮಾಡಿಸಿದೆ ಅಂತ ಮಾತ್ರ ಹೇಳಬೇಡ. ಅವರು ಡೋಸ್ ತೀರ್ಮಾನ ಮಾಡುವುದು ಅದನ್ನು ನೋಡಿಯೇ.

ನೇರಳೆ ಮುಚ್ಚಳದ ಟ್ಯೂಬು, ಹಳದಿ ಮುಚ್ಚಳದ್ದು, ಎರಡೂ ಸೇರಿದರೆ ಸಾಮಾನ್ಯವಾಗಿ 10 ಎಂಎಲ್ ದಾಟುವುದಿಲ್ಲ. ನಿನ್ನ ಮೈಯಲ್ಲಿ ನಾಲ್ಕೈದು ಲೀಟರ್ ಇದೆ. ಈ ಲೆಕ್ಕದಿಂದ ಭಯ ಹೋಗುವುದಿಲ್ಲ ಅಂತ ಗೊತ್ತು, ಸುಮ್ನೆ ಹೇಳಿದೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ರಕ್ತಕಣ ಎಣಿಸುವ ಸಿಬಿಸಿ, ಲಿವರ್, ಕಿಡ್ನಿಯ ಕ್ರಿಯೇಟಿನಿನ್, ಇವಕ್ಕೆ ಉಪವಾಸ ಬೇಕಿಲ್ಲ. ಡಾಕ್ಟರು ಶುಗರ್ ಗಿಗರ್ ಬೇರೆ ಬರೆದಿದ್ದರೆ ಮಾತ್ರ ಕೇಳಿಕೋ. ಹೋಗುವ ಮೊದಲು ದೊಡ್ಡ ಲೋಟದ ತುಂಬ ನೀರು ಕುಡಿ. ಹಾಸನದ ಬೆಳಗಿನ ಚಳಿಗೆ ಕೈ ತಣ್ಣಗಾದರೆ "ನರ ಸಿಗ್ತಿಲ್ಲ" ಅಂತ ಎರಡೆರಡು ಸಲ ಚುಚ್ಚುತ್ತಾರೆ, ಹಾಗಾಗಿ ಸ್ವೆಟರ್ ಹಾಕಿಕೊಂಡೇ ಹೋಗು. ಚಿಟ್ಟೆ ಸೂಜಿ ಅಂತ ರೆಕ್ಕೆ ಇರುವ ಸಣ್ಣ ಸೂಜಿ ಬರುತ್ತದೆ, ಇದೆಯಾ ಅಂತ ಕೇಳು. ಮರಗಟ್ಟಿಸುವ ಮುಲಾಮನ್ನು ಡಾಕ್ಟರು ಬರೆದುಕೊಟ್ಟಿದ್ದಾರಲ್ಲ, ಅದನ್ನು ಒಂದು ಗಂಟೆ ಮೊದಲು ಮೊಣಕೈ ಒಳಬದಿಗೆ ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಬೇಕು. ಹಚ್ಚಿ ಐದು ನಿಮಿಷಕ್ಕೆ ಒರೆಸಿದರೆ ದುಡ್ಡು ದಂಡ. ಅದು ನೋವಿಗೆ ಮಾತ್ರ. ತಲೆ ಸುತ್ತುವುದಕ್ಕೆ ನಿನ್ನ ತೊಡೆಯೇ ಗತಿ.

ಇಷ್ಟಾದರೂ ಹಿಂದಿನ ರಾತ್ರಿ ನಿದ್ದೆ ಹತ್ತದಿದ್ದರೆ, ಮತ್ತೆ ತಪ್ಪಿಸಿಕೊಳ್ಳೋಣ ಅನ್ನಿಸಿದರೆ, ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಸೂಜಿಯ ಚಿತ್ರ ನೋಡುವುದರಿಂದ ಶುರು ಮಾಡಿ, ಮುಚ್ಚಳ ಹಾಕಿದ ಸಿರಿಂಜು ಕೈಲಿ ಹಿಡಿಯುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುವ ಚಿಕಿತ್ಸೆ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. "ಜನ ಏನಂತಾರೆ" ಅಂತ ನಿನ್ನಮ್ಮ ಒಂದು ಸಲ ಅಂದಳು. ಈಗ ಅನ್ನುವುದಿಲ್ಲ.

ರಕ್ತ ತೆಗೆದ ಮೇಲೆ ತಟ್ಟನೆ ಏಳಬೇಡ. ಹತ್ತು ನಿಮಿಷ ಮಲಗಿರು, ಆಮೇಲೆ ಕೂರು, ಆಮೇಲೆ ಏಳು. ಹತ್ತಿಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿ, ಮೊಣಕೈ ಮಡಚಬೇಡ, ನೀಲಿಗಟ್ಟುತ್ತದೆ. ರೂಮ್‌ಮೇಟ್ ಜೊತೆಗೆ ಬಂದರೆ ಅವಳಿಗೂ ಒಂದು ಮಸಾಲೆ ದೋಸೆ ಕೊಡಿಸು, ದುಡ್ಡು ಹಾಕಿದ್ದೇನೆ.

ರಿಪೋರ್ಟ್ ಬಂದ ಕೂಡಲೇ ವಾಟ್ಸಾಪ್ ಮಾಡು. ನಿನ್ನ ಲಿವರ್ ಪರೀಕ್ಷೆಯ ಎಸ್‌ಜಿಪಿಟಿ ಎಲ್ಲ ನಿನ್ನಮ್ಮ ಹಾಲಿನ ಲೆಕ್ಕದ ಡೈರಿಯಲ್ಲೇ ಬರೆದಿಡುತ್ತಾಳೆ. ಹೋದ ಸಲದ್ದು ಖಾಲಿ ಬಿಟ್ಟಿದ್ದಾಳೆ. ಕಾಫಿಪುಡಿ ಮುಗಿದಿದೆ ಅಂದಿದ್ದೆಯಲ್ಲ, ಶನಿವಾರ ನಮ್ಮ ಮೇಷ್ಟ್ರು ಹಾಸನಕ್ಕೆ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ.

ನಿನ್ನ
ಅಪ್ಪ