ರಜೆ ಇಲ್ಲ ಅಂತ ಬರೆದ ಮಗಳಿಗೆ

ನವನಗರ, ಬಾಗಲಕೋಟೆ

ಮಗಳೇ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಉದ್ದನೆಯ ಪತ್ರ ಮೂರು ಸಲ ಓದಿದೆ. ಕೆಲಸದ್ದು, ಬೆಂಗಳೂರಿನ ದಾಸರಹಳ್ಳಿಯ ಮನೆಯದ್ದು, ಜೊತೆಗಿರುವ ಹುಡುಗಿಯದ್ದು ಎಲ್ಲ ಖುಷಿಯ ಸುದ್ದಿ. ಅದನ್ನೆಲ್ಲ ನಿಮ್ಮವ್ವನ ಹತ್ತಿರ ದಿನಾ ಮಾತಾಡುತ್ತೀಯ, ನಾನು ಬೇರೆ ಬರೆಯುವುದು ಬೇಡ. ನನ್ನನ್ನು ಕಾಡಿದ್ದು ಕೊನೆಯ ಎರಡು ಸಾಲು. "ಅಡ್ವಾನ್ಸಿಗೆ ಕಡಿಮೆ ಬಿತ್ತು, ಮೊಬೈಲ್ ಆ್ಯಪಿನಲ್ಲಿ 30,000 ಸಾಲ ತಗೊಂಡೆ ಕಾಕಾ, ಅಪ್ಪನಿಗೆ ಹೇಳಬೇಡ. ಪಂಚಮಿಗೆ ಬರೋದು ಆಗಲ್ಲ, ರಜೆ ಇಲ್ಲ."

ಸಾಲಕ್ಕೆ ನಾನು ಅಷ್ಟು ಗಾಬರಿಯಾಗಲಿಲ್ಲ. ಹೊಸ ಊರಿಗೆ ಹೋದವರು ಸಾಲ ಮಾಡುತ್ತಾರೆ. "ರಜೆ ಇಲ್ಲ" ಅನ್ನುವುದನ್ನು ಓದಿದ ಮೇಲೆ ಫೋನ್ ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಆ ಮಾತು ನಾನೂ ಒಂದು ಸಲ ಬರೆದಿದ್ದೇನೆ. ಆಗ ನನಗೆ ರಜೆ ಇತ್ತು.

1986ರ ಮಾತು. ಬೆಂಗಳೂರಿನಲ್ಲಿ ಮೊದಲ ಕೆಲಸ, ಸಂಬಳ 640 ರೂಪಾಯಿ. ರೂಮಿನ ಬಾಡಿಗೆ 150, ಹತ್ತು ತಿಂಗಳ ಅಡ್ವಾನ್ಸ್ 1,500. ಮನೆಯಿಂದ 500 ತಂದಿದ್ದೆ. ಉಳಿದ 1,000 ಊಟದ ಮೆಸ್ಸಿನಲ್ಲಿ ಪರಿಚಯವಾದ ಒಬ್ಬನ ಹತ್ತಿರ ತಗೊಂಡೆ. ತಿಂಗಳಿಗೆ ನೂರಕ್ಕೆ 5 ಬಡ್ಡಿ. ಮನೆಗೆ ಮಾತ್ರ "ರೂಮು ಸಿಕ್ಕಿತು, ಎಲ್ಲ ಸರಿಯಾಗಿದೆ" ಅಂತ ಕಾರ್ಡು ಹಾಕಿದೆ. ಪ್ರತಿ ತಿಂಗಳು 50 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು. 14 ತಿಂಗಳಲ್ಲಿ 700 ಕಟ್ಟಿದೆ, ಅಸಲು 1,000 ಹಾಗೇ ಕೂತಿತ್ತು.

ಆ ವರ್ಷ ಪಂಚಮಿ ಬಂತು. ಬಸ್ಸಿನ ದುಡ್ಡು ಹೇಗೋ ಹೊಂದಿಸಬಹುದಿತ್ತು. ಆದರೆ ಸಂಬಳ ತಗೊಳ್ಳುವ ಮಗ ಹಬ್ಬಕ್ಕೆ ಬರಿಗೈಯಲ್ಲಿ ಹೋಗೋದು ಹೇಗೆ? ಅವ್ವನಿಗೆ ಒಂದು ಸೀರೆ ಬೇಡವಾ, ಅಪ್ಪನಿಗೆ ಒಂದು ಧೋತರ ಬೇಡವಾ? ಓಣಿಯವರು ಏನು ತಂದೆ ಅಂತ ಕೇಳುತ್ತಾರಲ್ಲ. "ರಜೆ ಸಿಗಲಿಲ್ಲ" ಅಂತ ಬರೆದುಬಿಟ್ಟೆ. ಹಬ್ಬದ ದಿನ ರೂಮಿನ ಬಾಗಿಲು ಹಾಕಿಕೊಂಡು ಮಲಗಿದ್ದೆ. ದೀಪಾವಳಿಗೂ ಅದನ್ನೇ ಬರೆದೆ. ಎರಡನೇ ಸಲ ಬರೆಯುವಾಗ ಏನೂ ಅನ್ನಿಸಲಿಲ್ಲ. ಅದನ್ನು ನೆನೆಸಿಕೊಂಡರೆ ಈಗ ಭಯವಾಗುತ್ತದೆ.

ಫೆಬ್ರುವರಿಯಲ್ಲಿ ತಂತಿ ಬಂತು. ಮುಂದಿನದು ನಿನಗೆ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಇಷ್ಟು. ಆ ಪಂಚಮಿಯ ಮೂರು ದಿನವೂ ನಿಮ್ಮಜ್ಜ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತು ಬರುತ್ತಿದ್ದನಂತೆ. ನನ್ನ ಕಾರ್ಡು ತಲುಪಿತ್ತು, ಓದಿಸಿ ಕೇಳಿಯೂ ಆಗಿತ್ತು. ಆದರೂ "ಬಂದರ ಬಂದಾನು" ಅಂತ ಹೋಗುತ್ತಿದ್ದ. ಇದನ್ನು ನಿಮ್ಮಪ್ಪ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಹಳೇ ಮನೆ ಖಾಲಿ ಮಾಡುವ ಹೊತ್ತಿಗೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅಪ್ಪನ ಹತ್ತಿರ ಆಗ 1,000 ರೂಪಾಯಿ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ ಮಗಳೇ. ನಿನಗೆ ನಿಜವಾಗಿಯೂ ರಜೆ ಇಲ್ಲವಾ?

ರಜೆ ಇಲ್ಲದಿದ್ದರೆ ನನ್ನದು ತಪ್ಪು ತಿಳುವಳಿಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಲೆಕ್ಕ ಬರೆದೇ ನೌಕರಿ ಮುಗಿಸಿದವನು ನಾನು, ಕೈ ಸುಮ್ನೆ ಕೂರಲಿಲ್ಲ. ನೀನು ಬರೆದದ್ದನ್ನೇ ಕೂಡಿಸಿ ನೋಡಿದೆ. ನಿನ್ನ ಪಾಲಿನ ಅಡ್ವಾನ್ಸ್ 40,000, ಬ್ರೋಕರಿಗೆ 6,500. ಕೈಯಲ್ಲಿದ್ದದ್ದು 20,000, ಸಾಲದ್ದು 30,000. ಉಳಿದದ್ದು 3,500. ಗಾದಿ, ಬಕೆಟ್, ಕುಕ್ಕರ್, ಗ್ಯಾಸ್ ಪೈಪು, ಕಸಬರಿಗೆ, ಬೀಗ ಎಲ್ಲ ಅದರಲ್ಲೇ ಬರಬೇಕು. ಮೊದಲ ಸಂಬಳದ ತನಕ ಊಟವೂ ಅದರಲ್ಲೇ. ನೀನು ಊಟ ಮಾಡುತ್ತಿದ್ದೀಯಾ ಅಂತ ಕೇಳಿದರೆ "ಹ್ಞೂಂ" ಅನ್ನುತ್ತೀಯ. ನಾನೂ ಹಾಗೇ ಅನ್ನುತ್ತಿದ್ದೆ.

ಸಂಬಳದ ಲೆಕ್ಕದಲ್ಲೂ ನೀನು ಸ್ವಲ್ಪ ಎಡವಿದ್ದೀಯ ಅನ್ನಿಸುತ್ತದೆ. ನೀನು ಕಳಿಸಿದ ಆಫರ್ ಪತ್ರದಲ್ಲಿ 28,000 ಅಂತ ಇದೆ. ಮೂಲ ವೇತನ 14,000ಕ್ಕೆ ನಿನ್ನ ಪಾಲಿನ ಪಿಎಫ್ 12 ಪರ್ಸೆಂಟ್, ಅಂದರೆ 1,680. ಕಂಪನಿಯ ಪಾಲಿನ 1,680 ಕೂಡ ಆ 28,000ದೊಳಗೇ ಸೇರಿಸಿದ್ದಾರೆ. ಮೇಲೆ ವೃತ್ತಿ ತೆರಿಗೆ 200. ಕೈಗೆ ಬರುವುದು 24,440. ಪಿಎಫ್ ದುಡ್ಡು ಎಲ್ಲೂ ಹೋಗುವುದಿಲ್ಲ, ನಿನ್ನದೇ. ಆದರೆ ಈ ತಿಂಗಳ ಅಕ್ಕಿಗೆ ಅದು ಬರುವುದಿಲ್ಲ.

ಆ ಆ್ಯಪಿನ ಸಾಲ 5,600ರಂತೆ 6 ಕಂತು ಅಂದೆ. ಒಟ್ಟು 33,600. 3,600 ಜಾಸ್ತಿ ತಾನೇ ಅಂತ ಸಮಾಧಾನ ಮಾಡಿಕೊಂಡಿದ್ದೀಯ. ಆದರೆ ಅಸಲು ಪ್ರತಿ ತಿಂಗಳು ಕಡಿಮೆಯಾಗುತ್ತ ಬರುತ್ತದಲ್ಲ, ಅದನ್ನು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ 40 ಪರ್ಸೆಂಟ್ ಹತ್ತಿರ ಬಡ್ಡಿ ಬೀಳುತ್ತದೆ. ಬೈಯುತ್ತಿಲ್ಲ, ನಾನು 60 ಕೊಟ್ಟವನು. ಸಾಲ ಕೊಡುವಾಗ ಬಡ್ಡಿ, ಶುಲ್ಕ ಎಲ್ಲ ಬರೆದ ಒಂದು ಪತ್ರ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ತೆಗೆದು ನೋಡು. ಮುಂಚೆಯೇ ತೀರಿಸಿದರೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಕೇಳಿ ತಿಳಿದುಕೋ. ನಿನ್ನ ಫೋನಿನ ಕಾಂಟ್ಯಾಕ್ಟ್ ಪಟ್ಟಿ ನೋಡುವ ಹಕ್ಕೂ ಅವರಿಗಿಲ್ಲ. ಅನುಮತಿ ಕೊಟ್ಟಿದ್ದರೆ ಇವತ್ತೇ ತೆಗೆದುಹಾಕು. ಒಂದು ಕಂತು ತಪ್ಪಿ, ಯಾರೋ ಗುರುತಿಲ್ಲದವನು ನಿಮ್ಮಪ್ಪನಿಗೆ ಫೋನ್ ಮಾಡಿ "ನಿಮ್ಮ ಮಗಳು" ಅಂತ ಶುರು ಮಾಡಿದರೆ? ನನಗೆ ರಾತ್ರಿ ನಿದ್ದೆ ಬಾರದ್ದು ಇದಕ್ಕೇ. ಸಾಲದ ಸುದ್ದಿ ಅವನಿಗೆ ನಿನ್ನ ಬಾಯಿಂದ ಹೋಗಬೇಕು.

ನಾನು ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ. ಆದರೆ ಒಂದೇ ಮನೆಯಲ್ಲಿ ಅವನ ಎದುರು ಕೂತು ಚಹಾ ಕುಡಿಯುವುದು ನನಗೆ ಕಷ್ಟವಾಗುತ್ತಿದೆ.

ಅಪ್ಪನಿಗೆ ಕೇಳಿ ಆಘಾತವಾಗುತ್ತದೆ ಅಂತ ಅಂದುಕೊಂಡಿದ್ದೀಯ ಅಲ್ವಾ? ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹಳೇ ಮನೆ ಬಿಟ್ಟು ಇಲ್ಲಿಗೆ ಬಂದಾಗ ನೀನು ಇನ್ನೂ ಹುಟ್ಟಿರಲಿಲ್ಲ. ಪರಿಹಾರದ ದುಡ್ಡು ಗೋಡೆ ಏಳುವಷ್ಟರಲ್ಲೇ ಮುಗಿಯಿತು. ಹಳೇ ಮನೆಯ ಜಂತಿ, ಬಾಗಿಲು, ಕಿಟಕಿ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿ ತಂದೆವು. ನಿಮ್ಮಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬಲ್ಬಿನ ಹೋಲ್ಡರಿನಿಂದ ಹಿಡಿದು ನಳದ ತೋಟಿಯ ತನಕ ಎಲ್ಲ ಬರೆದಿಡುತ್ತಿದ್ದ. ಕೊನೆಗೆ ನೋಡಿದರೆ ದೊಡ್ಡ ಖರ್ಚಿಗಿಂತ ಆ ಚಿಲ್ಲರೆ ಖರ್ಚೇ ನಮ್ಮನ್ನು ಸುಸ್ತು ಮಾಡಿತ್ತು. ಆದರೆ ಅವನು ಕಡಿಮೆ ಬಿದ್ದದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಸೆಕ್ಟರಿನಲ್ಲಿ ಅಕ್ಕಪಕ್ಕ ಮನೆ ಕಟ್ಟುತ್ತಿದ್ದವರಿಗೆ ನೇರವಾಗಿ ಹೇಳುತ್ತಿದ್ದ, "ಈ ತಿಂಗಳು ಸಿಮೆಂಟಿಗೆ ರೊಕ್ಕ ಇಲ್ಲ, ನಿಮ್ಮ ಹತ್ರ ಎರಡು ಚೀಲ ಅದಾವೇನು?" ಎರಡು ಚೀಲ ಬರುತ್ತಿತ್ತು. ಮುಂದೆ ಇವನೂ ಕೊಟ್ಟ. ಅಂಥವನಿಗೆ ನಿನ್ನ 30,000 ದೊಡ್ಡದಲ್ಲ. ನೀನು ಹೇಳದೆ ಇದ್ದದ್ದು ತಿಳಿದರೆ ಮಾತ್ರ ನೊಂದುಕೊಳ್ಳುತ್ತಾನೆ. ನನ್ನ 1986ರ ಸಾಲ ತಿಳಿದಾಗಲೂ ಅವನು ಕೇಳಿದ್ದು ಒಂದೇ, "ನನಗರ ಹೇಳಬಾರದಿತ್ತಾ?"

ದುಡ್ಡಿನ ಮಾತು ಒಂದಿದೆ, ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಪೋಸ್ಟ್ ಆಫೀಸಿನ ಆರ್‌ಡಿ ಮುಗಿದು ಬಂದದ್ದು ನನ್ನ ಖಾತೆಯಲ್ಲಿ ಸುಮ್ನೆ ಇದೆ. ನೀನು ಬೇಡ ಅನ್ನುತ್ತೀಯ ಅಂತ ಗೊತ್ತು. ಆ ಸಾಲ ಅದರಲ್ಲಿ ತೀರಿಸು, ನನಗೆ ತಿಂಗಳಿಗೆ 3,000ದಂತೆ ವಾಪಸ್ ಕೊಡು. ಆಗ ನಿನ್ನ ಕೈಯಲ್ಲಿ ತಿಂಗಳಿಗೆ 2,600 ಉಳಿಯುತ್ತದೆ, ಹಾಲು ತರಕಾರಿಗೆ ಆಗುತ್ತದೆ. ಆದರೆ ಇದನ್ನು ಅಪ್ಪನಿಗೆ ಹೇಳಿ ತಗೋ. ನಾವಿಬ್ಬರೂ ಸೇರಿ ಅವನಿಂದ ಮುಚ್ಚಿಡುವುದು ನನಗೆ ಬೇಡ.

ಬೇರೆ ಏನು ಹೇಳಲಿ? ಆ ಊರು ನಾನು ಬಿಟ್ಟು ಎಷ್ಟೋ ವರ್ಷವಾಯಿತು, ಈಗಿನ ರೀತಿ ನಿನಗೇ ಚೆನ್ನಾಗಿ ಗೊತ್ತು. 11 ತಿಂಗಳ ಕರಾರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಅಂತ ಬರೆದಿದೆಯಾ ನೋಡು. ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೊ ಈಗಲೇ ತೆಗೆದಿಡು. ಕರೆಂಟಿನ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ. ಹಿಂದಿನವರ ಆಧಾರ್ ಆ ಮೀಟರಿಗೆ ಜೋಡಿಸಿದ್ದರೆ ಬಿಡಿಸಿ, ನಿಮ್ಮದು ಜೋಡಿಸಬೇಕು. ಎಲ್ಲ ಮಾಡಿಕೊಂಡಿದ್ದರೆ ಒಳ್ಳೆಯದು, ಮುದುಕನ ಮಾತು ಅಂತ ಬಿಟ್ಟುಬಿಡು.

ಪಂಚಮಿಗೆ ಬರಲು ಮಾತ್ರ ನಿನಗೆ ಟಿಕೆಟ್ಟಿನ ಚಿಂತೆ ಬೇಡ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಇದೆಯಲ್ಲ. ಸ್ಲೀಪರ್, ರಾಜಹಂಸ ಹತ್ತಬೇಡ, ಕೆಂಪು ಬಸ್ಸು ಹತ್ತು. ಆಧಾರ್ ಕಾರ್ಡ್ ಜೊತೆಗಿಟ್ಟುಕೋ. ರಾತ್ರಿಯಿಡೀ ಕೂತು ಬರಬೇಕು, ಸೊಂಟ ನೋಯುತ್ತದೆ, ನಿಜ. ನನ್ನ ಕಾಲದಲ್ಲಿ ನನಗೆ ಆ ನೆಪವಾದರೂ ಇತ್ತು, ಟಿಕೆಟ್ಟಿಗೆ ದುಡ್ಡಿಲ್ಲ ಅಂತ.

ಏನನ್ನೂ ತರಬೇಡ. ಒಂದು ಸ್ವೀಟ್ ಬಾಕ್ಸೂ ಬೇಡ. ಯಾರಾದರೂ ಏನು ತಂದೆ ಅಂತ ಕೇಳಿದರೆ ನಾನು ಉತ್ತರ ಕೊಡುತ್ತೇನೆ. ಹೋಗುವಾಗ ಒಯ್ಯಲು ದೊಡ್ಡ ಚೀಲ ಮಾತ್ರ ತಾ. ವೈನಿ, ಅಂದರೆ ನಿಮ್ಮವ್ವ, ಕಡಕ್ ರೊಟ್ಟಿ ಬಡಿಯಲು ಶುರು ಮಾಡಿದ್ದಾರೆ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕುಟ್ಟಿಸಿದ್ದಾರೆ. ಒಂದು ತಿಂಗಳು ಕೆಡದೆ ಇರುತ್ತವೆ, ಅಷ್ಟು ದಿನ ರಾತ್ರಿ ಊಟಕ್ಕೆ ಹೊರಗೆ ಖರ್ಚಿಲ್ಲ. ನೀನು ಬರುವುದಿಲ್ಲ ಅಂತ ಅವರಿಗೆ ನಾನು ಹೇಳಲಿಲ್ಲ. ಉಂಡಿಗೆ ಎಳ್ಳು ಸ್ವಚ್ಛ ಮಾಡುತ್ತ ಕೂತಿದ್ದರು, ಹೇಳಲು ಬಾಯಿ ಬರಲಿಲ್ಲ.

ಮೊದಲ ಕಂತು 5ನೇ ತಾರೀಖಿಗೆ ಅಂದಿದ್ದೀಯ. ಅದಕ್ಕಿಂತ ಮುಂಚೆ ನಿಮ್ಮಪ್ಪನಿಗೆ ಒಂದು ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಮಾಡು, ಊಟವಾಗಿ ಅಂಗಳದಲ್ಲಿ ಕೂತಿರುತ್ತಾನೆ. ನಾನು ಆ ಹೊತ್ತಿಗೆ ಒಳಗೆ ಹೋಗುತ್ತೇನೆ.

ನಿನ್ನ ಕಾಕಾ